ಮದುವೆಗೆ ಹೊರಟ ದಂಪತಿ, ಮನೆಯಲ್ಲಿ ಉಳಿದ ಮಕ್ಕಳು



ಕ್ರಿಸ್ತಜಯಂತಿಯ ನಂತರದ ಭಾನುವಾರ ಧರ್ಮಸಭೆ ಸಾಮಾನ್ಯವಾಗಿ ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. 1921ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಹಬ್ಬದ ದಿನ ತಂದೆ, ತಾಯಿ, ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುವುದನ್ನು ನೋಡುವುದೇ ಒಂದು ಸಂತೋಷ. ಈ ಹಬ್ಬ ಮುಗಿಯುತ್ತಿದ್ದಂತೆ ನಮ್ಮ ಮನೆಗಳಿಗೆ ಮದುವೆಯ ಆಮಂತ್ರಣಗಳು ಬರಲಾರಂಭಿಸುತ್ತವೆ. ಆಗಮನ ಕಾಲದಲ್ಲಿಯೂ ತಪಸ್ಸುಕಾಲದಲ್ಲಿಯೂ ನಮ್ಮವರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಎರಡರ ನಡುವಿನ ಕೆಲವೇ ವಾರಗಳಲ್ಲಿ ಮದುವೆಗಳು ಒಂದರ ಹಿಂದೊಂದು ಬರುತ್ತವೆ. ವಿಭೂತಿ ಬುಧವಾರ 2026ರಲ್ಲಿ ಫೆಬ್ರುವರಿ 18ಕ್ಕೆ, 2027ರಲ್ಲಿ ಫೆಬ್ರುವರಿ 10ಕ್ಕೆ. ಅಷ್ಟರೊಳಗೆ ತಮ್ಮನ ಮದುವೆ, ನಾದಿನಿಯ ಮದುವೆ, ಸೋದರಮಾವನ ಮಗಳ ಮದುವೆ ಎಲ್ಲವೂ ಆಗಬೇಕು.

ಆಮಂತ್ರಣ ಪತ್ರಿಕೆಯಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ ಬರಬೇಕು’ ಎಂದು ಅಚ್ಚಾಗಿರುತ್ತದೆ. ಆದರೆ ಶಾಲೆ ನಡೆಯುತ್ತಿರುತ್ತದೆ, ಮಕ್ಕಳಿಗೆ ಪರೀಕ್ಷೆ ಹತ್ತಿರವಾಗಿರುತ್ತದೆ, ಊರು ದೂರ. ಗಂಡ ಹೆಂಡತಿ ಇಬ್ಬರೇ ಹೋಗಿಬಂದರೆ ತಪ್ಪೇ? ಮಕ್ಕಳನ್ನು ಬಿಟ್ಟು ಎರಡು ಮೂರು ರಾತ್ರಿ ಹೊರಗಿರುವುದು ತಾಯಿತಂದೆಯ ಕರ್ತವ್ಯಕ್ಕೆ ವಿರುದ್ಧವೇ? ಚಿಕ್ಕ ಪ್ರಶ್ನೆಯಂತೆ ಕಂಡರೂ ಅನೇಕ ಮನೆಗಳಲ್ಲಿ ಇದರಿಂದ ಮನಸ್ತಾಪ ಹುಟ್ಟುತ್ತದೆ. ಕೊನೆಗೆ ಗಂಡನೊಬ್ಬನೇ ಹೋಗಿ ಆಯೇರಿ ಕೊಟ್ಟು ಬರುತ್ತಾನೆ, ಹೆಂಡತಿ ತನ್ನ ಒಡಹುಟ್ಟಿದವರ ಮದುವೆಗೂ ಹೋಗದೆ ಉಳಿಯುತ್ತಾಳೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಯೋಚಿಸೋಣ.

ನಮ್ಮ ಊರುಗಳ ಲೆಕ್ಕ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ಕಡೆಗಳಲ್ಲಿ ಕಥೋಲಿಕ ಕುಟುಂಬಗಳು ಅಲ್ಲೊಂದು ಇಲ್ಲೊಂದು ಇವೆ. ಶಾಲೆ, ಬ್ಯಾಂಕು, ಆಸ್ಪತ್ರೆ, ಸಕ್ಕರೆ ಕಾರ್ಖಾನೆ ಹೀಗೆ ಕೆಲಸಕ್ಕಾಗಿ ಬಂದು ನೆಲೆಸಿದವರಿದ್ದಾರೆ. ಇವರ ಬಂಧುಬಳಗ ಬೆಳಗಾವಿ, ಗೋವಾ, ಮಂಗಳೂರು, ಮುಂಬಯಿ, ಬೆಂಗಳೂರುಗಳಲ್ಲಿ ಹಂಚಿಹೋಗಿದೆ. ರೈಲು ಹಿಡಿಯಬೇಕಾದರೆ ಮೊದಲು ಬಸ್ಸಿನಲ್ಲಿ ಬಾಗಲಕೋಟೆಗೋ ಕುಡಚಿಗೋ ವಿಜಯಪುರಕ್ಕೋ ಹೋಗಬೇಕು. ಮಂಗಳೂರಿನಲ್ಲಿ ಮದುವೆಯೆಂದರೆ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ, ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೂ ನಿಲ್ಲಬೇಕೆಂದರೆ ನಡುವೆ ಇನ್ನೊಂದು ರಾತ್ರಿ. ಮೂರು ರಾತ್ರಿಯಾಯಿತು.

ಈ ಸಮಯದಲ್ಲಿಯೇ ಕಬ್ಬು ನುರಿಸುವ ಹಂಗಾಮು ಜೋರಾಗಿರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಹಗಲು ರಾತ್ರಿ ರಸ್ತೆಯಲ್ಲಿರುತ್ತವೆ, ಕಾರ್ಖಾನೆಯಲ್ಲಿ ಪಾಳಿ ತಪ್ಪಿಸುವಂತಿಲ್ಲ. ಬನಹಟ್ಟಿಯಲ್ಲಿ ಎರಡು ಪವರ್‌ಲೂಮ್ ಮಗ್ಗ ಹಾಕಿಕೊಂಡ ಒಂದು ಸಂಸಾರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಂಡ ಮಗ್ಗದ ಮುಂದೆ ನಿಂತಿದ್ದಾನೆ, ಹೆಂಡತಿ ಕಂಡಿಕೆ ಸುತ್ತುತ್ತಿದ್ದಾಳೆ. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಒಂದೇ ಚಾವಣಿಯ ಕೆಳಗೆ ಇದ್ದಾರೆ. ಆದರೆ ಮಗ್ಗದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಸಂಜೆ ಮಕ್ಕಳ ಪಾಠ, ಅಡುಗೆ, ನೂಲಿನ ಸಾಲ, ಮಾರನೆಯ ದಿನದ ಚಿಂತೆ. ಹೀಗೆ ವರ್ಷಗಳು ಉರುಳುತ್ತವೆ. ಒಟ್ಟಿಗೆ ಇದ್ದೇವೆ ಎಂಬ ಭಾವನೆಯಲ್ಲಿಯೇ ದಂಪತಿಗಳು ಒಬ್ಬರಿಗೊಬ್ಬರು ಅಪರಿಚಿತರಾಗುತ್ತಾರೆ.

ನೇಯ್ಗೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಹಾಸು ಬಿಗಿಯಾಗಿದ್ದರೆ ಮಾತ್ರ ಹೊಕ್ಕು ನಿಲ್ಲುತ್ತದೆ. ಕುಟುಂಬದಲ್ಲಿ ಗಂಡ ಹೆಂಡತಿಯ ಸಂಬಂಧವೇ ಹಾಸು. ಅದು ಸಡಿಲವಾದರೆ ಮಕ್ಕಳಿಗಾಗಿ ಎಷ್ಟು ದುಡಿದರೂ ಬಟ್ಟೆ ಸರಿಯಾಗಿ ಬರುವುದಿಲ್ಲ.

ಧರ್ಮಸಭೆ ಏನು ಬೋಧಿಸುತ್ತದೆ?

1983ರ ಧರ್ಮಸಭೆಯ ಕಾನೂನು ಸಂಹಿತೆಯ 1055ನೆಯ ವಿಧಿ ವಿವಾಹದ ಉದ್ದೇಶವನ್ನು ವಿವರಿಸುತ್ತದೆ. ಅಲ್ಲಿ ಎರಡು ವಿಷಯಗಳಿವೆ. ಒಂದು, ದಂಪತಿಗಳ ಒಳಿತು. ಇನ್ನೊಂದು, ಮಕ್ಕಳ ಜನನ ಮತ್ತು ಪಾಲನೆ. ಮಕ್ಕಳಾದ ಮೇಲೆ ದಂಪತಿಗಳ ಒಳಿತು ಮುಗಿದುಹೋಗುತ್ತದೆ ಎಂದು ಧರ್ಮಸಭೆ ಎಲ್ಲಿಯೂ ಹೇಳಿಲ್ಲ. ಅದೇ ಸಂಹಿತೆಯ 1136ನೆಯ ವಿಧಿ ಮಕ್ಕಳ ದೈಹಿಕ, ಸಾಮಾಜಿಕ, ನೈತಿಕ, ಧಾರ್ಮಿಕ ಬೆಳವಣಿಗೆಯ ಹೊಣೆ ತಾಯಿತಂದೆಯರ ಅತ್ಯಂತ ಗಂಭೀರ ಕರ್ತವ್ಯವೆಂದು ನೆನಪಿಸುತ್ತದೆ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತ್ರ ನಮ್ಮ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

2016ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಜಗದ್ಗುರು ಫ್ರಾನ್ಸಿಸ್‌ರವರು ಕುಟುಂಬವನ್ನು ಕುರಿತ ‘ಅಮೋರಿಸ್ ಲೆತಿತ್ಸಿಯಾ’ ಎಂಬ ಪತ್ರಕ್ಕೆ ಸಹಿ ಮಾಡಿದರು. 2025ರ ಏಪ್ರಿಲ್ 21ರಂದು ನಮ್ಮನ್ನಗಲಿದ ಅವರು, ಆ ಪತ್ರದಲ್ಲಿ ದಂಪತಿಗಳ ಪ್ರೀತಿಗೆ ಬಿಡುವು ಬೇಕು, ಅವಸರವಿಲ್ಲದೆ ಮಾತನಾಡಲು, ಒಬ್ಬರನ್ನೊಬ್ಬರು ಆಲಿಸಲು ಕಾಲ ಬೇಕು ಎಂಬುದನ್ನು ಒತ್ತಿ ತಿಳಿಸಿದ್ದಾರೆ. ಇದಕ್ಕೂ ಬಹಳ ಮೊದಲೇ, 1962ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಗುರು ಗೇಬ್ರಿಯಲ್ ಕಾಲ್ವೋ ಅವರು ದಂಪತಿಗಳಿಗಾಗಿ ‘ಮ್ಯಾರೇಜ್ ಎನ್‌ಕೌಂಟರ್’ ಎಂಬ ವಾರಾಂತ್ಯದ ಕೂಟವನ್ನು ಆರಂಭಿಸಿದರು. ಅದು ಇಂದು ನಮ್ಮ ದೇಶದಲ್ಲಿಯೂ ನಡೆಯುತ್ತದೆ. ಆ ಕೂಟಕ್ಕೆ ಗಂಡ ಹೆಂಡತಿ ಇಬ್ಬರೇ ಬರಬೇಕು, ಮಕ್ಕಳನ್ನು ಮನೆಯಲ್ಲಿ ಒಳ್ಳೆಯವರ ಕೈಯಲ್ಲಿ ಬಿಟ್ಟು ಬರಬೇಕು. ಅಂದರೆ ಸಂಸಾರ ಗಟ್ಟಿಯಾಗಲೆಂದೇ ಎರಡು ದಿನ ಮಕ್ಕಳಿಂದ ದೂರವಿರುವುದು ಧರ್ಮಸಭೆಗೆ ಹೊಸದಲ್ಲ.

ದುಡಿಮೆಗೆ ಬಿಟ್ಟರೆ ಸರಿ, ಸಂತೋಷಕ್ಕೆ ಬಿಟ್ಟರೆ ತಪ್ಪೇ?

ನಮ್ಮ ಭಾಗದಲ್ಲಿ ಮಕ್ಕಳನ್ನು ಬಿಟ್ಟುಹೋಗುವುದು ಅಪರೂಪವೇನಲ್ಲ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಎಷ್ಟೋ ಜನ ಗಂಡ ಹೆಂಡತಿ ಗೋವಾಕ್ಕೆ, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮಕ್ಕಳು ತಿಂಗಳುಗಟ್ಟಲೆ ಅಜ್ಜಿಯ ಬಳಿ ಇರುತ್ತವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೆಯ ತರಗತಿಗೆ ಸೀಟು ಸಿಕ್ಕಿದರೆ ಊರಿಗೆಲ್ಲಾ ಪೇಢೆ ಹಂಚಿ, ಹನ್ನೊಂದು ವರ್ಷದ ಮಗುವನ್ನು ಬಿಟ್ಟು ಬರುತ್ತೇವೆ. ಆಗ ಯಾರೂ ‘ಎಂಥಾ ತಾಯಿ ಇವಳು’ ಎನ್ನುವುದಿಲ್ಲ. ದುಡಿಮೆಗಾಗಿ, ಓದಿಗಾಗಿ ಎಂದ ಕೂಡಲೇ ಎಲ್ಲರೂ ಒಪ್ಪುತ್ತಾರೆ.

ಅದೇ ತಾಯಿ ತಂಗಿಯ ಮದುವೆಗೆ ಗಂಡನ ಜೊತೆ ಹೋಗಿ ಎರಡು ದಿನ ನಕ್ಕು ಬಂದರೆ ಮಾತು ಶುರುವಾಗುತ್ತದೆ. ‘ಮಕ್ಕಳನ್ನ ಬಿಟ್ಟು ಇವರಿಗೆ ಎಂಥಾ ಮದುವಿರೀ?’ ಎಂದು ಓಣಿಯಲ್ಲಿ ಕೇಳುತ್ತಾರೆ. ಹೀಗೆ ಕೇಳುವಾಗ ನಮ್ಮ ಮನಸ್ಸಿನಲ್ಲಿ ಇರುವುದೇನು? ಕಷ್ಟಪಡುವುದಕ್ಕೆ ಮಾತ್ರ ದಂಪತಿಗಳಿಗೆ ಹಕ್ಕು, ಸಂತೋಷಪಡುವುದಕ್ಕಲ್ಲ ಎಂದೇ? ಸಂತ ಯೊವಾನ್ನನ ಶುಭಸಂದೇಶದ ಪ್ರಕಾರ ಪ್ರಭು ಯೇಸುವಿನ ಮೊದಲ ಸೂಚಕಕಾರ್ಯ ನಡೆದದ್ದು ಕಾನಾ ಊರಿನ ಮದುವೆ ಮನೆಯಲ್ಲಿ. ಬಂಧುಗಳ ಸಂತೋಷದಲ್ಲಿ ಪಾಲುಗೊಳ್ಳುವುದು ಕಾಲ ಕಳೆಯುವ ಕೆಲಸವಲ್ಲ, ಅದು ಪ್ರೀತಿಯ ಋಣ.

ಇನ್ನೊಂದು ಮಾತನ್ನೂ ಗಮನಿಸಿ. ಚಿಕ್ಕ ಮಕ್ಕಳೊಡನೆ ಮದುವೆಗೆ ಹೋದವರು ಬಲಿಪೂಜೆಯಲ್ಲಿ ಎಲ್ಲಿರುತ್ತಾರೆ? ತಂದೆ ಅಳುವ ಮಗುವನ್ನೆತ್ತಿಕೊಂಡು ದೇವಾಲಯದ ಹೊರಗೆ ತಿರುಗುತ್ತಾನೆ. ತಾಯಿ ಇನ್ನೊಂದು ಮಗುವಿನ ಹಿಂದೆ ಓಡುತ್ತಾಳೆ. ವಧೂವರರು ಪರಸ್ಪರ ಪ್ರಮಾಣ ಮಾಡುವ ಗಳಿಗೆ ಇಬ್ಬರ ಕಿವಿಗೂ ಬೀಳುವುದಿಲ್ಲ. ಆದರೆ ಗಂಡ ಹೆಂಡತಿ ಪಕ್ಕಪಕ್ಕದಲ್ಲಿ ಕುಳಿತು, ಸುಖದಲ್ಲಿಯೂ ದುಃಖದಲ್ಲಿಯೂ ಜೊತೆಗಿರುತ್ತೇವೆ ಎಂಬ ಪ್ರಮಾಣವನ್ನು ಆಲಿಸಿದರೆ ತಮ್ಮ ಮದುವೆಯ ದಿನ ನೆನಪಾಗದೆ ಇರುವುದಿಲ್ಲ. ಹತ್ತು ವರ್ಷಗಳ ಹಿಂದೆ ತಾವೇ ಆಡಿದ ಮಾತು ಈಗ ಏನಾಗಿದೆ ಎಂದು ಇಬ್ಬರೂ ಯೋಚಿಸುತ್ತಾರೆ. ಮರಳುವ ಬಸ್ಸಿನಲ್ಲಿ ಅವರು ಆಡುವ ನಾಲ್ಕು ಮಾತು ಆ ಮನೆಗೆ ದೊಡ್ಡ ಆಸ್ತಿ.

ಮಗುವಿನ ಮನಸ್ಸು

ಇಷ್ಟು ಹೇಳಿದ ಮೇಲೆ ಮಕ್ಕಳ ಕಡೆಗೂ ನೋಡಬೇಕು. ಬಿಟ್ಟುಹೋಗುವುದರಿಂದ ಮಗುವಿಗೆ ನೋವಾಗುವುದಿಲ್ಲ ಎಂದು ಹೇಳುವುದು ಸುಳ್ಳಾಗುತ್ತದೆ.

1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬ ಸಂಶೋಧಕರು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಎಂಟು ದಿನ ಇದ್ದ ಎರಡೂವರೆ ವರ್ಷದೊಳಗಿನ ಹೆಣ್ಣು ಮಗುವಿನ ಚಿತ್ರ ತೆಗೆದರು. ಆ ಕಾಲದ ಆಸ್ಪತ್ರೆಗಳಲ್ಲಿ ತಾಯಿ ಮಗುವಿನ ಜೊತೆ ಉಳಿಯುವಂತಿರಲಿಲ್ಲ. ಮಗು ಹಟ ಮಾಡಲಿಲ್ಲ, ಸುಮ್ಮನಿತ್ತು. ಆದರೆ ಆ ಸುಮ್ಮನಿರುವಿಕೆಯ ಒಳಗೆ ಎಷ್ಟು ದುಃಖವಿತ್ತೆಂಬುದನ್ನು ಚಿತ್ರ ತೋರಿಸಿತು. ಮಕ್ಕಳ ಬಳಿ ತಾಯಿತಂದೆಯರು ಬರಲು ಆಸ್ಪತ್ರೆಗಳು ಮುಂದೆ ಬಾಗಿಲು ತೆರೆದುದಕ್ಕೆ ಈ ಚಿತ್ರವೂ ಒಂದು ಕಾರಣ.

ಅದೇ ರಾಬರ್ಟ್‌ಸನ್ ಅವರು 1960ರ ದಶಕದಲ್ಲಿ ಪತ್ನಿ ಜಾಯ್ಸ್ ಅವರೊಡನೆ ಇನ್ನೊಂದು ಕೆಲಸ ಮಾಡಿದರು. ತಾಯಿ ಆಸ್ಪತ್ರೆಗೆ ಸೇರಬೇಕಾಗಿದ್ದ ನಾಲ್ಕು ಚಿಕ್ಕ ಮಕ್ಕಳನ್ನು ಒಂದೊಂದಾಗಿ ತಮ್ಮ ಮನೆಯಲ್ಲಿಯೇ ಇಟ್ಟುಕೊಂಡರು. ಮೊದಲೇ ಮಗುವಿನ ಪರಿಚಯ ಮಾಡಿಕೊಂಡರು. ಅದರ ಊಟ, ನಿದ್ರೆಯ ಪದ್ಧತಿ ಕೇಳಿ ತಿಳಿದುಕೊಂಡರು. ಮಗುವಿನ ಸ್ವಂತ ವಸ್ತುಗಳನ್ನು ಜೊತೆಗೆ ತರಿಸಿದರು, ತಾಯಿಯ ವಿಷಯ ಮಾತನಾಡುತ್ತಲೇ ಇದ್ದರು. ಆ ಮಕ್ಕಳಿಗೂ ಬೇಸರವಾಯಿತು, ಆದರೆ ತಡೆದುಕೊಂಡರು. ಶಿಶುಗೃಹವೊಂದರಲ್ಲಿ ಒಂಬತ್ತು ದಿನ ಇದ್ದ ಹದಿನೇಳು ತಿಂಗಳ ಇನ್ನೊಂದು ಗಂಡು ಮಗು ಮಾತ್ರ, ಬದಲಾಗುತ್ತಿದ್ದ ದಾದಿಯರ ನಡುವೆ ತನ್ನವರೆಂದು ಯಾರೂ ಸಿಗದೆ ಕುಗ್ಗಿಹೋಯಿತು.

ಇದರಿಂದ ನಮಗೆ ಸಿಗುವ ಪಾಠ ಸ್ಪಷ್ಟ. ತಾಯಿತಂದೆ ಕೆಲವು ದಿನ ಕಣ್ಣಿಗೆ ಕಾಣದಿರುವುದನ್ನು ಮಗು ತಾಳಿಕೊಳ್ಳಬಲ್ಲದು. ಗುರುತಿಲ್ಲದ ಕೈಗೆ ಬೀಳುವುದನ್ನು, ಅವರು ಬರುತ್ತಾರೋ ಇಲ್ಲವೋ ಎಂದು ತಿಳಿಯದಿರುವುದನ್ನು ತಾಳಿಕೊಳ್ಳಲಾರದು. ಆದ್ದರಿಂದ ಮೊಲೆಹಾಲು ಕುಡಿಯುವ ಕೂಸನ್ನು ಬಿಟ್ಟುಹೋಗಬೇಡಿ, ಅದು ತಾಯಿಯ ಜೊತೆ ಮದುವೆಗೆ ಬರಲಿ. ಮೂರು ವರ್ಷದೊಳಗಿನ ಮಗುವಾದರೆ, ಅದು ದಿನವೂ ಕಂಡು ಒಗ್ಗಿಕೊಂಡವರ ಬಳಿ ಮಾತ್ರ ಬಿಡಬೇಕು, ದಿನಗಳನ್ನೂ ಕಡಿಮೆ ಮಾಡಿಕೊಳ್ಳಬೇಕು. ಜ್ವರ ಬಂದ ಮಗುವನ್ನು ಬಿಟ್ಟು ಇಬ್ಬರೂ ಹೋಗುವುದು ಬೇಡ. ಶಾಲೆಗೆ ಹೋಗುವ ಮಕ್ಕಳಾದರೆ ವಿಷಯ ತಿಳಿಸಿ ಹೇಳಬಹುದು.

ಹೊರಡುವ ಮುನ್ನ

ಮೊದಲನೆಯದಾಗಿ, ಮಕ್ಕಳಿಗೆ ಸತ್ಯ ಹೇಳಿ. ‘ಸಂತಿಗೆ ಹೋಗಿ ಬರ್ತೀನಿ’ ಎಂದು ಹೇಳಿಯೋ, ಮಲಗಿದ ಮೇಲೆಯೋ ಹೊರಟುಹೋಗುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಆ ಕ್ಷಣದ ಅಳು ತಪ್ಪುತ್ತದೆ ನಿಜ. ಆದರೆ ಮುಂದೆ ತಾಯಿ ನಿಜವಾಗಿಯೂ ಸಂತೆಗೆ ಹೊರಟಾಗಲೂ ಮಗು ಸೆರಗು ಬಿಡುವುದಿಲ್ಲ. ‘ಶುಕ್ರವಾರ ರಾತ್ರಿ ಹೋಗ್ತೀವಿ, ಸೋಮವಾರ ಮುಂಜಾನೆ ನೀ ಸಾಲಿಗೆ ಹೋಗೂದರಾಗ ಬಂದಿರ್ತೀವಿ’ ಎಂದು ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ. ಅಳಲಿ. ಅತ್ತು ಸಮಾಧಾನವಾದ ಮಗು ನಂಬಿಕೆ ಕಳೆದುಕೊಳ್ಳುವುದಿಲ್ಲ.

ಎರಡನೆಯದಾಗಿ, ಯಾರ ಕೈಯಲ್ಲಿ ಬಿಡುತ್ತೀರಿ ಎಂಬುದನ್ನು ಚೆನ್ನಾಗಿ ಯೋಚಿಸಿ. ಅಜ್ಜ ಅಜ್ಜಿ ಹತ್ತಿರವಿದ್ದರೆ ಅದು ಭಾಗ್ಯ. ಎಲ್ಲರಿಗೂ ಆ ಭಾಗ್ಯವಿಲ್ಲ. ಆಲಮಟ್ಟಿಯ ಹಿನ್ನೀರಿನಿಂದ ಬೀಳಗಿ ಕಡೆಯ ಹಲವು ಊರುಗಳವರು ಪುನರ್ವಸತಿ ಕೇಂದ್ರಗಳಿಗೆ ಹೋದಾಗ ಗೋಡೆಗೆ ಗೋಡೆ ಹೊಂದಿ ಬಾಳಿದ ಬಂಧುಗಳೂ ಬೇರೆ ಬೇರೆ ಕಡೆಯಾದರು. ವರ್ಗವಾಗಿ ಬಂದ ನೌಕರರಿಗಂತೂ ಬಾಜೂ ಮನೆಯವರೇ ಬಂಧುಗಳು. ಅವರು ನಮ್ಮ ಧರ್ಮದವರೇ ಆಗಬೇಕೆಂದಿಲ್ಲ, ಮಗು ಅವರನ್ನು ನಂಬಿರಬೇಕು, ನೀವು ಅವರನ್ನು ಬಲ್ಲವರಾಗಿರಬೇಕು. ಮಕ್ಕಳಿಗೆ ಕೇಡು ಮಾಡುವವರು ಬಹಳ ಸಲ ಗುರುತಿನವರೇ ಆಗಿರುತ್ತಾರೆ ಎಂಬ ಕಹಿ ಸತ್ಯವನ್ನೂ ಮರೆಯಬಾರದು. ಮಗು ‘ಅವರ ಮನಿಗೆ ನಾ ಹೋಗಂಗಿಲ್ಲ’ ಎಂದರೆ ಗದರಿಸದೆ ಕಾರಣ ಕೇಳಿ.

ಮೂರನೆಯದಾಗಿ, ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ನಿಮ್ಮಿಬ್ಬರ ಫೋನ್ ನಂಬರು, ಮದುವೆ ಮನೆಯ ಒಬ್ಬರ ನಂಬರು, ವೈದ್ಯರ ನಂಬರು, ಆಂಬ್ಯುಲೆನ್ಸಿಗೆ 108, ಮಕ್ಕಳ ಸಹಾಯವಾಣಿಗೆ 1098. ಯಾವ ಮಗುವಿಗೆ ಯಾವ ಔಷಧಿ, ಎಷ್ಟು, ಯಾವಾಗ ಎಂಬುದನ್ನೂ ಬರೆಯಿರಿ. ಖರ್ಚಿಗೆ ಹಣವನ್ನು ಕೈಯಲ್ಲಿಯೇ ಕೊಟ್ಟು ಹೋಗಿ.

ನಾಲ್ಕನೆಯದಾಗಿ, ನಮ್ಮ ಊರಿನ ಅಪಾಯಗಳನ್ನು ನೆನಪಿಡಿ. ಹೊಲದ ಕೃಷಿ ಹೊಂಡ, ಬಾವಿ, ಕಾಲುವೆ, ಕೃಷ್ಣಾ ಮತ್ತು ಘಟಪ್ರಭೆಯ ದಂಡೆ, ಕಬ್ಬಿನೊಳಗಿನ ಹಾವು, ಓಡುತ್ತಿರುವ ಮಗ್ಗದ ಬೆಲ್ಟು, ಟ್ರ್ಯಾಕ್ಟರಿನ ಹಿಂದೆ ಜೋತುಬಿದ್ದು ಕಬ್ಬು ಎಳೆಯುವ ಹುಡುಗಾಟ. ನೀವಿದ್ದಾಗ ಒಂದು ಕೂಗಿಗೆ ನಿಲ್ಲುವ ಮಗ ಅಜ್ಜಿಯ ಕೂಗಿಗೆ ನಿಲ್ಲಲಾರ. ಸಾಧ್ಯವಾದರೆ ಆ ಎರಡು ದಿನ ಮಗ್ಗ ನಿಲ್ಲಿಸಿ. ಮಳೆಗಾಲದ ಪ್ರಯಾಣವಾದರೆ ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. 2019ರ ಆಗಸ್ಟ್‌ನಲ್ಲಿ ನದಿಗಳು ಉಕ್ಕಿ ಈ ಭಾಗದ ರಸ್ತೆಗಳು ಕಡಿದುಹೋದುದನ್ನು ಕಂಡವರು ನಾವು.

ಐದನೆಯದಾಗಿ, ದಿನಕ್ಕೊಮ್ಮೆ ಹೇಳಿದ ಹೊತ್ತಿಗೆ ಫೋನ್ ಮಾಡಿ. ಗಳಿಗೆಗೊಮ್ಮೆ ಮಾಡಿದರೆ ಮಗುವೂ ಸಮಾಧಾನಗೊಳ್ಳುವುದಿಲ್ಲ, ನೀವೂ ಮದುವೆಯಲ್ಲಿ ಇರುವುದಿಲ್ಲ. ಹೇಳಿದ ಹೊತ್ತಿಗೆ ಮಾಡದಿದ್ದರೆ ಮಗು ಫೋನಿನ ಮುಂದೆ ಕುಳಿತು ಕಾಯುತ್ತದೆ.

ಅಜ್ಜಿ ಮತ್ತು ದೊಡ್ಡ ಮಗಳು

ಇಬ್ಬರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಮೊದಲನೆಯವರು ಅಜ್ಜಿ. ‘ಆಯಿ ಅದಾಳಲ್ಲ, ನೋಡ್ಕೋತಾಳ’ ಎಂದು ನಿರ್ಧರಿಸಿ, ಟಿಕೆಟ್ ತೆಗೆಸಿದ ಮೇಲೆ ಅವರಿಗೆ ತಿಳಿಸುವ ಮನೆಗಳಿವೆ. ಅವರ ಮಂಡಿನೋವು, ರಕ್ತದೊತ್ತಡ, ರಾತ್ರಿಯ ನಿದ್ರೆ ಇವನ್ನು ಯಾರೂ ಕೇಳುವುದಿಲ್ಲ. ಮೊದಲು ಅವರನ್ನು ಕೇಳಿ. ‘ಅವ್ವಾ, ಮೂರು ದಿನ ನಿನ್ನ ಕೈಲೆ ಆಗತದ ಏನು?’ ಎಂದು ಮಗನೇ ಕೇಳಲಿ. ಆಗುವುದಿಲ್ಲ ಎಂದರೆ ಮುನಿಸಿಕೊಳ್ಳಬೇಡಿ, ಇನ್ನೊಬ್ಬರನ್ನು ಜೊತೆಗಿಡಿ. ಆ ಅಜ್ಜಿಗೂ ಮದುವೆಗೆ ಬರುವ ಆಸೆ ಇದ್ದಿರಬಹುದು, ಅದನ್ನು ಬಿಟ್ಟುಕೊಟ್ಟು ನಿಮಗಾಗಿ ಮನೆಯಲ್ಲಿ ಉಳಿದಿದ್ದಾರೆ ಎಂಬುದನ್ನು ನೆನಪಿಡಿ.

ಎರಡನೆಯವಳು ದೊಡ್ಡ ಮಗಳು. ಹದಿಮೂರು ವರ್ಷದ ಹುಡುಗಿಗೆ ಅಡುಗೆ, ನೀರು, ತಮ್ಮ ತಂಗಿಯರ ಸ್ನಾನ ಎಲ್ಲವನ್ನೂ ಒಪ್ಪಿಸಿ ಹೊರಟುಹೋಗುವುದು ಅನ್ಯಾಯ. ಅವಳೂ ನಿಮ್ಮ ಮಗುವೇ. ತಮ್ಮನಿಗೆ ಪರೀಕ್ಷೆಯ ಓದು, ಅಕ್ಕನಿಗೆ ಮನೆಯ ಕೆಲಸ ಎಂದಾಗಬಾರದು. ಅವಳನ್ನು ತಾಯಿಯ ಜಾಗದಲ್ಲಿ ನಿಲ್ಲಿಸಿ ಮದುವೆಗೆ ಹೋದರೆ ದಂಪತಿಗಳ ಸಂತೋಷದ ಬೆಲೆಯನ್ನು ಅವಳೇ ಕೊಟ್ಟಂತಾಗುತ್ತದೆ. ದೊಡ್ಡವರೊಬ್ಬರು ಮನೆಯಲ್ಲಿ ಇರಲೇಬೇಕು.

ನಜರೇತಿನ ದಾರಿಯಲ್ಲಿ

ಪವಿತ್ರ ಕುಟುಂಬದ ಹಬ್ಬದಂದು ಮೂರು ವರ್ಷಕ್ಕೊಮ್ಮೆ ಓದಲಾಗುವ ಸಂತ ಲೂಕನ ಶುಭಸಂದೇಶದ ಭಾಗ ನಿಮಗೆ ತಿಳಿದೇ ಇದೆ. ಪಾಸ್ಖ ಹಬ್ಬ ಮುಗಿಸಿ ಜೆರುಸಲೇಮಿನಿಂದ ಮರಳುವಾಗ ಮರಿಯಮ್ಮ ಮತ್ತು ಜೋಸೆಫರು ಹನ್ನೆರಡು ವರ್ಷದ ಯೇಸು ಜೊತೆಗಾರರ ನಡುವೆ ಇದ್ದಾನೆಂದು ತಿಳಿದು ಒಂದು ದಿನದ ದಾರಿ ನಡೆದರು. ನಂತರ ಬಂಧುಬಳಗದಲ್ಲಿ ಹುಡುಕಿದರು, ಕಾಣದೆ ಹಿಂದಿರುಗಿದರು, ಮೂರನೆಯ ದಿನ ಮಹಾದೇವಾಲಯದಲ್ಲಿ ಕಂಡರು. ಬಂಧುಗಳನ್ನು ನಂಬಿದ್ದು ತಪ್ಪೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ. ಮಗುವನ್ನು ತಾಯಿತಂದೆ ಇಬ್ಬರೇ ಬೆಳೆಸುವುದಿಲ್ಲ, ನೆಂಟರಿಷ್ಟರು, ನೆರೆಹೊರೆಯವರು ಸೇರಿ ಬೆಳೆಸುತ್ತಾರೆ ಎಂಬುದು ನಜರೇತಿನಲ್ಲಿಯೂ ಸತ್ಯವಾಗಿತ್ತು. ಆದರೆ ಮಗು ಇಲ್ಲವೆಂದು ತಿಳಿದ ಕೂಡಲೇ ಅವರು ಮುಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಇತರರನ್ನು ನಂಬುವುದು ಮತ್ತು ಹೊಣೆ ಬಿಡದಿರುವುದು, ಎರಡೂ ಆ ದಂಪತಿಗಳಲ್ಲಿದ್ದವು.

ಮದುವೆ ಮನೆಯಲ್ಲಿ ಯಾರಾದರೂ ‘ಮಕ್ಕಳನ್ನ ಯಾಕ ಕರ್ಕೊಂಡ ಬರಲಿಲ್ರೀ?’ ಎಂದು ಕೇಳಿದರೆ ತಲೆತಗ್ಗಿಸಬೇಕಾಗಿಲ್ಲ. ‘ಸಾಲಿ ಐತ್ರಿ, ಅವ್ವನ ಕಡೆ ಅದಾವ, ಅರಾಮ ಅದಾವ’ ಎಂದು ಹೇಳಿ ಊಟಕ್ಕೆ ಕುಳಿತುಕೊಳ್ಳಿ. ಕೇಳುವವರೂ ಅಷ್ಟಕ್ಕೇ ನಿಲ್ಲಿಸಲಿ. ವರ್ಷಕ್ಕೊಮ್ಮೆಯೂ ಮನೆಯ ಹೊಸ್ತಿಲು ದಾಟದ ತಾಯಿಯೊಬ್ಬಳು ಆ ದಿನ ನಿಮ್ಮ ಪಂಕ್ತಿಯಲ್ಲಿ ಕುಳಿತಿರಬಹುದು.

ಮನೆಗೆ ಮರಳಿದ ಮೇಲೆ ಚೀಲ ಬಿಚ್ಚುವ ಮೊದಲು ಮಕ್ಕಳ ಮಾತು ಕೇಳಿ. ಮಗು ಮುನಿಸಿಕೊಂಡು ಹತ್ತಿರ ಬರದಿದ್ದರೆ ಬೈಯಬೇಡಿ, ಅದೂ ಪ್ರೀತಿಯೇ. ಮದುವೆಯ ಲಾಡು ಅಜ್ಜಿಗೆ ಮೊದಲು ಕೊಡಿ. ಆ ದಿನ ಅಡುಗೆ ಒಲೆಯ ಮುಂದೆ ಅವರನ್ನು ನಿಲ್ಲಿಸಬೇಡಿ. ಮುಂದಿನ ರಜೆಯಲ್ಲಿ ಮಕ್ಕಳೆಲ್ಲರನ್ನೂ ಕರೆದುಕೊಂಡು ಹೋಗಿ ಹೊಸ ವಧೂವರರನ್ನು ನೋಡಿ ಬನ್ನಿ. ಆಗ ‘ಸಕುಟುಂಬ ಸಪರಿವಾರ’ ಎಂಬ ಮಾತೂ ಉಳಿಯುತ್ತದೆ.

ತಾಯಿತಂದೆ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ ಎಂಬ ಅರಿವು ಮಕ್ಕಳಿಗೆ ದೊಡ್ಡ ಧೈರ್ಯ. ಹೇಳಿ ಹೋದವರು ಹೇಳಿದ ದಿನ ಮರಳಿ ಬರುತ್ತಾರೆ ಎಂಬ ಅನುಭವ ಅದಕ್ಕಿಂತಲೂ ದೊಡ್ಡದು. ಈ ಮದುವೆಯ ದಿನಗಳಲ್ಲಿ ಪ್ರಯಾಣ ಮಾಡುವ ಎಲ್ಲಾ ದಂಪತಿಗಳನ್ನೂ, ಮನೆಯಲ್ಲಿ ಕಾಯುವ ಮಕ್ಕಳನ್ನೂ, ಅವರನ್ನು ನೋಡಿಕೊಳ್ಳುವ ಹಿರಿಯರನ್ನೂ ನಜರೇತಿನ ಪವಿತ್ರ ಕುಟುಂಬ ಕಾಪಾಡಲಿ.